ರಾಹೇಲಮ್ಮ ಹೊತ್ತ ಹೆಸರು

ನನ್ನ ಹೆಸರನ್ನು ಹೊರುವ ಸರದಿ ರಾಹೇಲಮ್ಮನಿಗೆ ಬಂತೆಂದು ಕೇಳಿದಾಗ ನಾನು ಉಳಿಯುವುದಿಲ್ಲವೆಂದೇ ತೀರ್ಮಾನಿಸಿದೆ. ಡಾಕ್ಟರು ಕ್ಷಯ ಎಂದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಡಾಕ್ಟರು ತಪ್ಪಬಹುದು, ರಾಹೇಲಮ್ಮ ಅಲ್ಲಿಯವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ಆಕೆ ಹೊತ್ತ ಹೆಸರುಗಳೆಲ್ಲ ಒಂದರ ಹಿಂದೆ ಒಂದು ಗೋರಿಗೆ ಹೋಗಿದ್ದವು.

ನಮ್ಮ ಸಭೆಯ ಈ ಪದ್ಧತಿ ಹೊರಗಿನವರಿಗೆ ತಿಳಿಯದು, ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಪಾಲಿಬೆಟ್ಟದ ಸುತ್ತಮುತ್ತಲಿನ ಬಿಳಿ ದೊರೆಗಳ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಕಂಪೌಂಡರು ಎಂದು ಕೆಲಸಕ್ಕಿರುವ ಕೆಲವು ಕ್ರೈಸ್ತ ಮನೆಗಳು ಸೇರಿ ನಮ್ಮದೊಂದು ಸಣ್ಣ ಸಭೆ. ಹೆಚ್ಚಿನವರ ಹಿರಿಯರು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಬುಧವಾರ ಸಂಜೆ ಹೆಂಗಸರ ಪ್ರಾರ್ಥನಾ ಕೂಟ ನಡೆಯುತ್ತದೆ. ಸಭೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಕೂಟದ ಹೆಂಗಸರ ಹೆಸರಿನ ಚೀಟಿಗಳನ್ನು ಅಕ್ಕಿ ಅಳೆಯುವ ಸೇರಿನಲ್ಲಿ ಹಾಕಿ ಒಂದನ್ನು ಎತ್ತುತ್ತೇವೆ. ಯಾರ ಚೀಟಿ ಬಂತೋ ಅವರು ಆ ರೋಗಿಯ ಹೆಸರನ್ನು ಹೊರಬೇಕು. ಅಂದರೆ ದಿನಾ ಬೆಳಿಗ್ಗೆ ಎದ್ದ ಕೂಡಲೇ, ಒಲೆ ಹೊತ್ತಿಸುವ ಮೊದಲು, ಆ ಹೆಸರು ಹೇಳಿ ದೇವರಲ್ಲಿ ವಿಜ್ಞಾಪನೆ ಮಾಡಬೇಕು. ಜೊತೆಗೆ ತನಗೆ ಇಷ್ಟವಾದ ಏನಾದರೊಂದನ್ನು ಬಿಡಬೇಕು. ಗುಣವಾದ ಮೇಲೆ ರೋಗಿ ತಾನೇ ನಡೆದು ಹೋಗಿ, ಬಿಟ್ಟ ಪದಾರ್ಥವನ್ನು ತನ್ನ ಕೈಯಿಂದ ಕೊಟ್ಟು, "ಗುಣ ಆಯ್ತು, ನನ್ನ ಹೆಸರು ಇಳಿಸಿ" ಎನ್ನಬೇಕು. ಅಲ್ಲಿಗೆ ಹೊರೆ ಇಳಿಯಿತು. ಇದು ಬೈಬಲಿನಲ್ಲಿ ಎಲ್ಲಿದೆ ಎಂದು ನಮ್ಮ ಪಾದ್ರಿ ಅಯ್ಯನವರು ಆಗಾಗ ಕೇಳುತ್ತಾರೆ. ಹೆಂಗಸರು ಅವರಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿ ಮಾತು ಬದಲಿಸುತ್ತಾರೆ.

ಈ ಬಿಡುವ ವಿಷಯದಲ್ಲಿ ಎಲ್ಲರೂ ಒಂದೇ ತರಹ ಇರಲಿಲ್ಲ. ಸಭಾಹಿರಿಯರ ಹೆಂಡತಿ ಮಾರ್ತಮ್ಮ ಯಾವಾಗಲೂ ಹಾಗಲಕಾಯಿ ಬಿಡುತ್ತಿದ್ದರು. ತನಗೆ ಬಹಳ ಇಷ್ಟ ಎಂದು ಅವರು ಹೇಳಿದರೆ ನಂಬಬೇಕಾದದ್ದು ನಮ್ಮ ಕರ್ಮ. ರಾಹೇಲಮ್ಮ ಹಾಗಲ್ಲ. ಆಕೆ ಮಕ್ಕಳಿಲ್ಲದ ವಿಧವೆ, ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವ ಕೆಲಸ, ಶನಿವಾರ ಚರ್ಚು ಗುಡಿಸುವುದೂ ಆಕೆಯೇ. ಮೊದಲ ಸಲ ಬಾಣಂತಿ ಜ್ವರದ ಸೂಸನ್ನಳ ಹೆಸರು ಬಂದಾಗ ಎಲೆಯಡಿಕೆ ಬಿಟ್ಟರು. ಸೂಸನ್ನ ತೀರಿಕೊಂಡಳು. ಆಮೇಲೆ ಕಂಪೌಂಡರ ತಮ್ಮ ಯೋನನ ಹೆಸರು ಬಂತು, ಒಣಮೀನು ಬಿಟ್ಟರು. ಅವನೂ ಹೋದ. ಮೂರನೆಯವರು ಮುದುಕಿ ಎಸ್ತೇರಮ್ಮ, ಆಗ ಬೆಲ್ಲ ಬಿಟ್ಟರು. ಸತ್ತವರು ಎದ್ದು ಬಂದು ಎಲೆಯಡಿಕೆ, ಮೀನು, ಬೆಲ್ಲ ಕೊಡುವುದುಂಟೇ? ಹಾಗಾಗಿ ಬಿಟ್ಟದ್ದೆಲ್ಲ ಬಿಟ್ಟೇ ಹೋಯಿತು. ಬಾಯಿಗೆ ರುಚಿಯಾದದ್ದು ಒಂದೊಂದಾಗಿ ಹೋಗಿ ಆಕೆಯ ಮುಖ ವರ್ಷದಿಂದ ವರ್ಷಕ್ಕೆ ಸಿಡುಕಾಗುತ್ತಾ ಬಂತು ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಆಗ ಕೂಟ ನಡೆಸುತ್ತಿದ್ದವಳು ನಾನೇ. ಚೆನ್ನಾಗಿ ಪ್ರಾರ್ಥನೆ ಮಾಡುತ್ತೇನೆಂದು ನನಗೆ ಹೆಸರಿತ್ತು. ರೋಗಿಯ ತಲೆದಿಂಬಿನಿಂದ ಹಿಡಿದು ಇಂಗ್ಲೆಂಡಿನ ಚಕ್ರವರ್ತಿಯವರೆಗೆ ಒಬ್ಬರನ್ನೂ ಬಿಡದೆ, ಕೇಳಿದವರ ಕಣ್ಣು ಒದ್ದೆಯಾಗುವಂತೆ ಮಾಡುತ್ತಿದ್ದೆ. ರಾಹೇಲಮ್ಮನ ಸರದಿ ಬಂದರೆ ಎರಡೇ ಮಾತು: "ಕರ್ತನೇ, ಸೂಸನ್ನ. ನಿನಗೆ ಗೊತ್ತುಂಟು. ಆಮೆನ್." ಪ್ರಾರ್ಥನೆ ಮುಗಿಯಿತೋ ಇಲ್ಲವೋ ಎಂದು ನಾವು ಕಣ್ಣುಮುಚ್ಚಿಕೊಂಡೇ ಕಾಯುತ್ತಿದ್ದೆವು.

ನನ್ನ ಕಾಯಿಲೆ ಶುರುವಾದದ್ದು ಎಲ್ಲರಿಗೂ ಬರುವ ಜ್ವರದ ಹಾಗೆಯೇ. ಕೊಡಗಿನಲ್ಲಿ ಜ್ವರ ಎಂದರೆ ಚಳಿಜ್ವರ, ಚಳಿಜ್ವರಕ್ಕೆ ಕ್ವಿನೈನು. ಕಂಪೌಂಡರು ಕೊಟ್ಟರು, ನಾನು ಕುಡಿದೆ, ಕಿವಿ ಗುಂಯ್‌ಗುಟ್ಟಿತು, ಜ್ವರ ಮಾತ್ರ ಸಂಜೆಯಾದರೆ ಮತ್ತೆ ಬಂದು ಕೂರುತ್ತಿತ್ತು. ಮೈ ಇಳಿಯಿತು, ರವಿಕೆಗಳನ್ನು ಒಳಗೆ ಹೊಲಿದೆ. ಒಂದು ಭಾನುವಾರ ಚರ್ಚಿನಲ್ಲಿ ಹಾಡುವಾಗ ಕೆಮ್ಮು ಬಂದು ಬಾಯಿಗೆ ಕರವಸ್ತ್ರ ಹಿಡಿದೆ. ಬಿಡಿಸಿ ನೋಡಿದಾಗ ಕೆಂಪಾಗಿತ್ತು. ಮಡಿಚಿ ಸೆರಗಿನೊಳಗೆ ಇಟ್ಟುಕೊಂಡು ಹಾಡಿನ ಉಳಿದ ಚರಣ ಮುಗಿಸಿದೆ. ಆಗ ಅದೊಂದು ಧೈರ್ಯ ಎಂದುಕೊಂಡಿದ್ದೆ.

ಸರಕಾರಿ ಆಸ್ಪತ್ರೆಯ ಜಗಲಿಯ ಬೆಂಚಿನಲ್ಲಿ ಬೆಳಗಿನಿಂದ ಕೂತು ಮಧ್ಯಾಹ್ನದ ಮೇಲೆ ಒಳಗೆ ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ನನ್ನನ್ನು ಹೊರಗೆ ಕೂರಲು ಹೇಳಿ, ಯಜಮಾನರ ಹತ್ತಿರ ಮಾತಾಡಿದರು. ಬಾಗಿಲು ಅರ್ಧ ತೆರೆದೇ ಇತ್ತು, ಎಲ್ಲವೂ ಕೇಳಿಸಿತು. ನಮ್ಮ ಯಜಮಾನರು ಎಸ್ಟೇಟಿನ ರೈಟರು, ದೊರೆಯ ಎದುರು ನಿಂತು ಮಾತಾಡುವ ಮನುಷ್ಯ. ಹೊರಗೆ ಬಂದವರು ನನ್ನ ಪಕ್ಕ ಕೂತು ಟೊಪ್ಪಿಯನ್ನು ತಿರುಗಿಸುತ್ತಾ ಇದ್ದರು.

"ಎದೇಲಿ ಸ್ವಲ್ಪ ಶೀತ ಕೂತಿದೆಯಂತೆ, ಲಿಡಿಯಾ," ಎಂದರು.

"ಬಾಗಿಲು ತೆಗೆದಿತ್ತು," ಎಂದೆ.

ಬಸ್ಸಿನಲ್ಲಿ ಅವರು ನನಗೆ ಕಿಟಕಿಯ ಕಡೆ ಜಾಗ ಕೊಟ್ಟರು. ಗಾಳಿಗೋ, ಬೇರೆಯವರಿಗೆ ತಾಗದಿರಲೆಂದೋ, ಕೇಳಲಿಲ್ಲ.

ಮನೆಯಲ್ಲಿ ಅತ್ತೆ ವಿಷಯ ತಿಳಿದು ಅಳಲಿಲ್ಲ, ಕೂಗಾಡಲಿಲ್ಲ. ಮೊಳೆ ತೆಗೆದುಕೊಂಡು ಒಂದು ಹಿತ್ತಾಳೆ ಲೋಟದ ಬದಿಗೆ ಗೀರು ಹಾಕಿದರು. ಒಂದು ತಟ್ಟೆಗೂ ಹಾಕಿದರು. ಅವು ನನ್ನವು. ತೊಳೆದ ಮೇಲೆ ಒಳಗೆ ಬರುವಂತಿಲ್ಲ, ಹಿಂದಿನ ಜಗಲಿಯ ಕಟ್ಟೆಯ ಮೇಲೆ ಕವುಚಬೇಕು. ಅತ್ತೆಯ ಮೇಲೆ ನನಗೆ ಕೋಪವಿಲ್ಲ, ಡಾಕ್ಟರು ಹೇಳಿದ್ದನ್ನೇ ಅವರು ಮಾಡಿದರು. ಮನೆಯಲ್ಲಿ ನನ್ನ ಮಗಳು ಸುಗುಣ ಇದ್ದಳು, ಇನ್ನೂ ಹಾಲುಹಲ್ಲಿನ ಕೂಸು. ಅವಳು ಹೊಸ್ತಿಲಿನ ಆಚೆ ನಿಂತು, "ಅಮ್ಮ, ಈಗ ಬರಬಹುದಾ?" ಎಂದು ಕೇಳುವಳು. "ನಾಳೆ," ಎನ್ನುವೆ. ಮಗುವಿಗೆ ನಾಳೆ ಎಂದರೆ ಏನೆಂದು ತಿಳಿಯದು, ಅದೊಂದು ಉಪಕಾರ.

ನೋಡಲು ಬಂದವರದು ಇನ್ನೊಂದು ಕತೆ. ಹಾಸಿಗೆ ಹಿಡಿದವರಿಗೆಲ್ಲ ಇದು ಗೊತ್ತು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಜ್ವರ ಏರಿ ಮೈ ನೆಲಕ್ಕೆ ಅಂಟಿಕೊಂಡಿರುತ್ತದೆ, ಬಂದವರು ಪ್ರಾರ್ಥನೆಗೆ ನಿಂತ ಕೂಡಲೇ ಎದ್ದು ಕೂತು ತಲೆಗೆ ಸೆರಗು ಹೊದೆಯಬೇಕು. ಅವರು ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ನಾನು ಕಲಿಸಿದ ಪ್ರಾರ್ಥನೆಗಳನ್ನೇ ನನಗೆ ಒಪ್ಪಿಸುವರು. ಎಷ್ಟು ಉದ್ದ ಇದ್ದವು ಅವು! ಆಮೆನ್ ಬರುತ್ತದೆ ಬರುತ್ತದೆ ಎಂದು ಕಾದರೆ ಬರುವುದು ಚಕ್ರವರ್ತಿ. ದೇವರು ಪ್ರೀತಿಸಿದವರನ್ನೇ ಪರೀಕ್ಷಿಸುತ್ತಾನೆ ಎಂದು ಮಾರ್ತಮ್ಮ ಹೇಳಿದಾಗ, ಆತನು ಸ್ವಲ್ಪ ಅವರನ್ನೂ ಪ್ರೀತಿಸಲಿ ಎಂದು ಮನಸ್ಸಿಗೆ ಬಂತು. ಚೀಟಿ ಎತ್ತಿದ ಸುದ್ದಿ ಹೇಳಿದ್ದೂ ಅವರೇ.

"ನಿನ್ನ ಹೆಸರು ರಾಹೇಲಮ್ಮಂಗೆ ಬಂತು," ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡರು. "ದೇವರ ಚಿತ್ತ. ನಾವು ಬೇಕಾದ್ರೆ ಇನ್ನೊಂದ್ಸಲ ಎತ್ತಬಹುದಿತ್ತು, ಆದ್ರೆ ಅವರು ಬಿಡ್ಲಿಲ್ಲ. ಬಂದದ್ದು ಬಂತು ಅಂದ್ರು."

ರಾಹೇಲಮ್ಮ ನೋಡಲು ಬರಲೇ ಇಲ್ಲ. ಅದೂ ನನಗೆ ಅಪಶಕುನವಾಗಿ ಕಂಡಿತು.

ನನ್ನನ್ನು ಬಯಲುಸೀಮೆಯ ಕ್ಷಯದ ಆಸ್ಪತ್ರೆಗೆ ಕಳಿಸಿದರು. ಘಟ್ಟದ ಮಳೆ ನನ್ನ ಎದೆಗೆ ಆಗದು, ಒಣಹವೆ ಬೇಕು ಎಂದರು. ಮೈಸೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಹೊರಡುವಾಗ ಸುಗುಣ ಅತ್ತೆಯ ಸೊಂಟದ ಮೇಲಿದ್ದಳು, ಬಸ್ಸು ನೋಡಿ ಚಪ್ಪಾಳೆ ತಟ್ಟಿದಳು. ಗೀರು ಹಾಕಿದ ಲೋಟ ನನ್ನ ಚೀಲದಲ್ಲಿತ್ತು.

ಆ ಆಸ್ಪತ್ರೆಯ ದಿನಗಳನ್ನು ನೆನೆದರೆ ಈಗಲೂ ಆಕಳಿಕೆ ಬರುತ್ತದೆ. ದುಃಖ ಎಂದು ಹೇಳಬೇಕೇನೋ, ಆದರೆ ನಿಜವಾಗಿ ಇದ್ದದ್ದು ಆಯಾಸ. ಉದ್ದನೆಯ ಜಗಲಿ, ಅದರ ತುಂಬ ಮಂಚ, ಎದುರು ಬೋಳು ಗುಡ್ಡ. ಮಲಗುವುದೇ ಔಷಧ. ಓದಬಾರದು, ಹೊಲಿಯಬಾರದು, ನಗಬಾರದು, ನಕ್ಕರೆ ಕೆಮ್ಮು ಬರುತ್ತದೆ. ಬೆಳಿಗ್ಗೆ ಸಂಜೆ ನಾಲಿಗೆಯ ಕೆಳಗೆ ಗಾಜಿನ ಕಡ್ಡಿ. ಹಸಿಮೊಟ್ಟೆ, ಹಾಲು, ಮೀನೆಣ್ಣೆ. ಮೀನೆಣ್ಣೆ ಕುಡಿಯುವಾಗಲೆಲ್ಲ ಒಣಮೀನು ಬಿಟ್ಟ ರಾಹೇಲಮ್ಮನ ನೆನಪಾಗುತ್ತಿತ್ತು.

ಅಲ್ಲಿನ ಮುಖ್ಯ ಚಿಕಿತ್ಸೆಗೆ ನಾವು ಗಾಳಿ ಹಾಕಿಸಿಕೊಳ್ಳುವುದು ಎನ್ನುತ್ತಿದ್ದೆವು. ಪಕ್ಕೆಲುಬಿನ ನಡುವೆ ಸೂಜಿ ಚುಚ್ಚಿ ಒಳಗೆ ಗಾಳಿ ತುಂಬುತ್ತಾರೆ, ಕೆಟ್ಟ ಶ್ವಾಸಕೋಶ ಮುದುಡಿ ಸುಮ್ಮನಿರುತ್ತದೆ. ಗಾಳಿ ಇಂಗಿದ ಹಾಗೆ ಮತ್ತೆ ತುಂಬಿಸಬೇಕು. ಆ ಕೋಣೆಯ ಹೊರಗೆ ಒಂದು ಬೆಂಚು. ಆ ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಬಾಗಿಲಿನ ಹಿಡಿಯನ್ನೇ ನೋಡುತ್ತಾರೆ. ಸೂಜಿಗಿಂತ ಆ ಹಿಡಿ ತಿರುಗುವ ಸದ್ದು ನನಗೆ ಹೆಚ್ಚು ನೋಯುತ್ತಿತ್ತು. ಒಳಗಿದ್ದ ನರ್ಸಮ್ಮ ಮಲೆಯಾಳದವಳು, ಸೂಜಿ ಚುಚ್ಚುವಾಗ ತನ್ನ ಹೆಬ್ಬೆರಳನ್ನು ನಾನು ಹಿಂಡಲಿ ಎಂದು ಕೊಡುತ್ತಿದ್ದಳು. ಅವಳ ಭಾಷೆ ನನಗೆ ಅರ್ಧಂಬರ್ಧ, ನನ್ನದು ಅವಳಿಗೆ ಅಷ್ಟೇ. ಹೆಬ್ಬೆರಳಿಗೆ ಭಾಷೆ ಬೇಕಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು, ಇದಕ್ಕಾಗಿಯೇ ಬರೆಯಲು ಕೂತದ್ದು. ನನಗೆ ಪ್ರಾರ್ಥನೆ ಬಾರದಾಯಿತು. ಬರುವುದಿಲ್ಲ ಎಂದರೆ ನಂಬಿಕೆ ಹೋಯಿತೆಂದಲ್ಲ, ಕೋಪ ಬಂತೆಂದೂ ಅಲ್ಲ. ಕಣ್ಣು ಮುಚ್ಚಿ "ತಂದೆಯೇ" ಎನ್ನುವೆ, ಮುಂದಿನ ಮಾತು ಹುಡುಕುವಷ್ಟರಲ್ಲಿ ದಣಿದು ನಿದ್ದೆ ಹೋಗುವೆ. ಸಭೆಗೆಲ್ಲ ಮಾತು ಕಲಿಸಿದವಳ ಹತ್ತಿರ ತನಗಾಗಿ ಎರಡು ಮಾತು ಇರಲಿಲ್ಲ. ಹೀಗಾದವರು ಬೇರೆ ಯಾರಾದರೂ ಇದ್ದರೆ ತಿಳಿಯಲಿ, ಇದು ಕಾಯಿಲೆಯ ಒಂದು ಭಾಗ. ಅದಕ್ಕಾಗಿ ನಾಚಿಕೆಪಡಬೇಡಿ. ನಾನು ಪಟ್ಟು ಮೈ ಇನ್ನಷ್ಟು ಇಳಿಯಿತು.

ನನ್ನ ಪಕ್ಕದ ಮಂಚದಲ್ಲಿ ಗೌರಮ್ಮ ಎಂಬ ಹೆಂಗಸಿದ್ದರು, ಕೊಡ್ಲಿಪೇಟೆ ಕಡೆಯ ಒಕ್ಕಲಿನವರು. ನಾನು ಕೊಡಗಿನವಳೆಂದು ತಿಳಿದಾಗಿನಿಂದ ತವರಿನವಳಂತೆ ನೋಡುತ್ತಿದ್ದರು. ಒಂದು ಮಧ್ಯಾಹ್ನ ಕೇಳಿದರು:

"ಅಲ್ಲ ಕಣವ್ವ, ಕಣ್ಮುಚ್ಚಿ ಕೂತ್ಕತೀಯಲ್ಲ, ಒಳ್ಗೊಳ್ಗೆ ಏನಂತೀಯ?"

"ಏನೂ ಅನ್ನಲ್ಲ ಗೌರಮ್ಮ. ಅನ್ನಕ್ಕೆ ಹೋದ್ರೆ ನಿದ್ದೆ ಬರುತ್ತೆ."

"ಹಂಗಾರೆ ನಿನ್ ಪರವಾಗಿ ಯಾರು ಹೇಳ್ತಾರೆ?"

"ಊರಲ್ಲಿ ರಾಹೇಲಮ್ಮ ಅಂತ ಒಬ್ಬರಿದಾರೆ. ಅವರು ಹೇಳ್ತಾರೆ."

"ಕೂಲಿಗೆ ಇಟ್ಟೋರಾ?"

"ಇಲ್ಲ, ಚೀಟೀಲಿ ಬಂದೋರು."

ಅವರು ನಕ್ಕು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಮೆಲ್ಲಗೆ, "ನಾಳಿಕ್ಕೆ ನಂಗೆ ಮೊದ್ಲ ಸೂಜಿ. ನನ್ ಹೆಸ್ರೂ ಒಂದ್ಸಲ ಹೇಳ್ಬುಡವ್ವ," ಎಂದರು.

"ನಮ್ಮ ದೇವರಿಗೆ ಹೇಳಿದ್ರೆ ಆಗುತ್ತಾ ನಿಮಗೆ?"

"ನಮ್ ದೇವ್ರಿಗೆ ಹೇಳಾಗದೆ. ಇನ್ನೊಬ್ರಿಗೆ ಹೇಳುದ್ರೆ ಏನ್ ಮುನುಸ್ಕಳಲ್ಲ ಬುಡು."

ನನಗಾಗಿಯೇ ಬಾರದ ಪ್ರಾರ್ಥನೆ ಅವರಿಗಾಗಿ ಎಲ್ಲಿಂದ ತರಲಿ? ಆದರೆ ಅವರು ಕೈಮುಗಿದು ಕಾಯುತ್ತಿದ್ದರು. ಬೇರೆ ದಾರಿ ಕಾಣದೆ ರಾಹೇಲಮ್ಮನ ಮಾತನ್ನೇ ಎರವಲು ತಂದೆ. "ಕರ್ತನೇ, ಗೌರಮ್ಮ. ನಿನಗೆ ಗೊತ್ತುಂಟು. ಆಮೆನ್." ನಿದ್ದೆ ಬರುವಷ್ಟರೊಳಗೆ ಮುಗಿದಿತ್ತು. ಆ ಪ್ರಾರ್ಥನೆ ಏಕೆ ಅಷ್ಟು ಗಿಡ್ಡ ಎಂದು ನನಗೆ ಅಂದು ಗೊತ್ತಾಯಿತು. ದಿನವೆಲ್ಲ ಬಗ್ಗಿ ಹಣ್ಣು ಕುಯ್ದು ದಣಿದ ಹೆಂಗಸು ಮಾಡಬಹುದಾದ ಪ್ರಾರ್ಥನೆ ಅದು. ಗೌರಮ್ಮ ಸೂಜಿಗೆ ಹೋಗಿ ಬಂದರು, ಸಂಜೆಗೆ ಗಂಜಿ ಕುಡಿದರು. ಕೆಲವು ತಿಂಗಳ ಮೇಲೆ ಅವರ ಅಣ್ಣ ಬಂದು, ಇನ್ನು ಮನೆಯಲ್ಲೇ ನೋಡಿಕೊಳ್ಳುತ್ತೇವೆಂದು ಕರೆದುಕೊಂಡು ಹೋದರು. ಅವರು ಏನಾದರೋ ನನಗೆ ಇಂದಿಗೂ ಗೊತ್ತಿಲ್ಲ. ಬೆಳಿಗ್ಗೆ ಅವರ ಹೆಸರು ಹೇಳುವುದನ್ನು ನಾನು ಬಿಟ್ಟಿಲ್ಲ.

ಯಜಮಾನರು ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ಮಂಚದ ಕಾಲಬುಡದಲ್ಲಿ ಕುರ್ಚಿ ಹಾಕಿ ಕೂತು ಎಸ್ಟೇಟಿನ ಸುದ್ದಿ ಹೇಳುವರು. ಯಾವ ಗಿಡಕ್ಕೆ ಹುಳ ಬಿತ್ತು, ಕಾಫಿ ಅರಳಿಸುವ ಹೂಮಳೆ ಬಂತೇ ಇಲ್ಲವೇ, ಸುಗುಣ ಯಾರಿಗೆ ಏನಂದಳು. ಒಮ್ಮೆ ಮಾತಿನ ನಡುವೆ, "ರಾಹೇಲಮ್ಮ ಕಾಫಿ ಬಿಟ್ಟಿದಾರಂತೆ," ಎಂದರು.

"ಯಾಕೆ?"

"ನಿನಗೋಸ್ಕರ. ಚೀಟಿ ಎತ್ತಿದ ದಿನದಿಂದ ಮುಟ್ಟಿಲ್ಲವಂತೆ. ಪಿಕ್ಕಿಂಗಿಗೆ ಬಂದೋರು ಹೇಳ್ತಿದ್ರು."

ನಾನು ಗೋಡೆಯ ಕಡೆ ತಿರುಗಿದೆ. ಆಕೆಗೆ ಕಾಫಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಬೆಲ್ಲ ಬಿಟ್ಟ ಮೇಲೆ ಕಹಿ ಕಾಫಿಯನ್ನೇ ಬೆಳಿಗ್ಗೆ ದೊಡ್ಡ ಲೋಟದ ತುಂಬ ಕುಡಿದು, ಆಮೇಲೆಯೇ ಜನರ ಹತ್ತಿರ ಮಾತಾಡುತ್ತಿದ್ದವರು. ಬಿಡಲು ಆಕೆಯ ಹತ್ತಿರ ಉಳಿದದ್ದೇ ಅದೊಂದು. ದಿನವಿಡೀ ಕಾಫಿ ಗಿಡದ ನಡುವೆ ನಿಂತು, ಸಂಜೆ ಕೈಯೆಲ್ಲ ಕಾಫಿ ಹಣ್ಣಿನ ಅಂಟು, ಬಾಯಿಗೆ ಮಾತ್ರ ಇಲ್ಲ. ನಾನು ಸತ್ತರೆ ಆಕೆಗೆ ಕಾಫಿಯೂ ಹೋಯಿತು. ನಗು ಬಂತು, ಅಳುವೂ ಬಂತು, ಎರಡಕ್ಕೂ ಅಪ್ಪಣೆ ಇರಲಿಲ್ಲ. ಅಂದಿನಿಂದ ಮೀನೆಣ್ಣೆಯನ್ನು ಮೂಗು ಹಿಡಿಯದೆ ಕುಡಿದೆ.

ಸಾಯಲಿಲ್ಲ. ಎರಡು ಬೇಸಿಗೆ ಕಳೆದು ಮೂರನೆಯದು ಬರುವ ಹೊತ್ತಿಗೆ ದೊಡ್ಡ ಡಾಕ್ಟರಮ್ಮ ನನ್ನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ ಊರಿಗೆ ಹೋಗಬಹುದೆಂದರು. ಬಿಳಿಯ ಹೆಂಗಸು, ಕನ್ನಡವನ್ನು ಪುಸ್ತಕದಂತೆ ಮಾತಾಡುತ್ತಿದ್ದರು. "ಕಫದಲ್ಲಿ ಈಗ ಏನೂ ಇಲ್ಲ. ಮಗುವನ್ನು ಎತ್ತಿಕೊಳ್ಳಬಹುದು. ಆದರೆ ರೋಗವು ಹೋಗಲಿಲ್ಲ, ಮಲಗಿಕೊಂಡಿದೆ. ಅದನ್ನು ಎಬ್ಬಿಸಬಾರದು."

"ಯಾವಾಗ ಹೋಗುತ್ತದೆ?" ಎಂದು ಕೇಳಿದೆ.

"ಅದು ನನಗೆ ತಿಳಿಯದು," ಎಂದರು. ಹಾಗೆ ನೇರವಾಗಿ ಹೇಳಿದ್ದಕ್ಕೆ ನಾನು ಅವರಿಗೆ ಋಣಿ. ಮೈಸೂರಿಗೆ ಆಗಾಗ ಹೋಗಿ ಗಾಳಿ ಹಾಕಿಸಿಕೊಳ್ಳುತ್ತಿರಬೇಕು, ಮಳೆಗಾಲದಲ್ಲಿ ಮನೆಯೊಳಗೇ ಇರಬೇಕು, ಭಾರ ಎತ್ತಬಾರದು ಎಂದು ಕಳಿಸಿದರು.

ಸುಗುಣ ನನ್ನನ್ನು ಗುರುತಿಸಲಿಲ್ಲ. ಅತ್ತೆಯ ಸೀರೆ ಹಿಡಿದು ನಿಂತು ಒಂದು ಇಡೀ ದಿನ ನನ್ನನ್ನೇ ನೋಡಿದಳು. ಮರುದಿನ ಬಂದು, "ನಾಳೆ ಆಯ್ತಾ?" ಎಂದು ಕೇಳಿದಳು. ಅವಳನ್ನು ಎತ್ತಿಕೊಂಡೆ, ಭಾರ ಎತ್ತಬಾರದೆಂಬುದು ನೆನಪಿದ್ದೂ ಎತ್ತಿಕೊಂಡೆ. ಅತ್ತೆ ಅಡ್ಡ ಬರಲಿಲ್ಲ. ಆದರೆ ಊಟಕ್ಕೆ ಕೂತಾಗ ಗೀರು ಹಾಕಿದ ತಟ್ಟೆಯೇ ಬಂತು, ನಾನೂ ಗೀರು ಹಾಕಿದ ಲೋಟವನ್ನು ಚೀಲದಿಂದ ತೆಗೆದಿಟ್ಟೆ. ಕಫದಲ್ಲಿ ಏನೂ ಇಲ್ಲವೆಂದು ಡಾಕ್ಟರಮ್ಮ ಹೇಳಿದ್ದರೂ ಕೈಗೆ ಅಭ್ಯಾಸವಾಗಿತ್ತು, ಅವರಿಗೂ ನನಗೂ. ಭಾನುವಾರ ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ ಇದ್ದೆ. ಯಾರೂ ಮುಖ ತಿರುಗಿಸಲಿಲ್ಲ, ಎಲ್ಲರೂ ನಕ್ಕರು, ಉಳಿದ ಬೆಂಚುಗಳಲ್ಲಿ ಒತ್ತಿ ಒತ್ತಿ ಕೂತರು.

ಆರಾಧನೆ ಮುಗಿದ ಮೇಲೆ ಮಾರ್ತಮ್ಮ ಹೊರಗೆ ಹಿಡಿದು ನಿಲ್ಲಿಸಿದರು. "ಮುಂದಿನ ಭಾನುವಾರ ಎದ್ದು ಸಾಕ್ಷಿ ಹೇಳ್ಬೇಕು ನೀನು. ನಾನು ಅಯ್ಯನವರಿಗೆ ಹೇಳಿ ಆಗಿದೆ."

"ಏನಂತ ಹೇಳ್ಲಿ ಮಾರ್ತಮ್ಮ?"

"ಗುಣ ಆಯ್ತು ಅಂತ. ಸಭೆ ಪ್ರಾರ್ಥನೆ ಮಾಡಿತು, ದೇವರು ಕೇಳಿದ ಅಂತ. ಅಷ್ಟೂ ಹೇಳಕ್ಕಾಗಲ್ವಾ, ನಿನಗೆ ಮಾತಿಗೇನು ಬರ?"

"ಗುಣ ಆಗಿಲ್ಲವಲ್ಲ. ಮಲಗಿದೆ ಅಂದಿದಾರೆ."

ಅವರ ಮುಖ ಚಿಕ್ಕದಾಯಿತು. "ಇಷ್ಟು ದಿನ ಇಷ್ಟು ಜನ ಮೊಣಕಾಲೂರಿದ್ದೇವೆ ಲಿಡಿಯಾ. ಮಲಗಿದೆ ಅಂತ ಹೇಳಿದ್ರೆ ಕೇಳಿದೋರಿಗೆ ಏನನ್ನಿಸುತ್ತೆ?"

ಅವರು ಹೇಳಿದ್ದರಲ್ಲೂ ನ್ಯಾಯವಿತ್ತು, ಕೇಳುವ ಕಿವಿಗಳಿಗೆ ಒಂದು ಕೊನೆ ಬೇಕು. ಬದುಕಿದಳು, ಇಲ್ಲವೇ ಸತ್ತಳು. ನನ್ನ ಕಾಯಿಲೆಗೆ ಆ ಎರಡೂ ಇರಲಿಲ್ಲ. ಸಾಕ್ಷಿ ಹೇಳುವುದಿಲ್ಲ ಎಂದು ಹೇಳಿ ಮನೆಗೆ ಬಂದೆ. ಅದೇ ಕಾರಣಕ್ಕೆ ರಾಹೇಲಮ್ಮನ ಮನೆಗೂ ಹೋಗಲಿಲ್ಲ. ಅಲ್ಲಿ ಹೋಗಿ "ಗುಣ ಆಯ್ತು, ಇಳಿಸಿ" ಎನ್ನಬೇಕು. ಸುಳ್ಳು ಹೇಳಲು ಮನಸ್ಸಿಲ್ಲ, ನಿಜ ಹೇಳಿದರೆ ಆಕೆಯ ಕಾಫಿಗೆ ಇನ್ನು ಗತಿಯಿಲ್ಲ. ಇದರ ಕೆಳಗೆ ಇನ್ನೊಂದು ಭಯವಿತ್ತು, ಯಜಮಾನರಿಗೂ ಹೇಳಿರಲಿಲ್ಲ. ಹೆಸರು ಇಳಿಸಿದ ಮರುದಿನ ಮಲಗಿದ್ದು ಎದ್ದರೆ? ಬೆಳಿಗ್ಗೆ ನನ್ನ ಹೆಸರು ಹೇಳುವವರು ಒಬ್ಬರೂ ಇಲ್ಲದ ದಿನ ನನಗೆ ಬೇಡವಾಗಿತ್ತು. ಹೀಗೆ ಇವತ್ತು ನಾಳೆ ಎಂದು ಮಳೆಗಾಲ ಕಳೆಯಿತು.

ಕುಯ್ಲು ಶುರುವಾದ ಮೇಲೆ ಒಂದು ಸಂಜೆ ಯಜಮಾನರು ಬೂಟು ಬಿಚ್ಚುತ್ತಾ ಹೇಳಿದರು: "ರಾಹೇಲಮ್ಮ ಇವತ್ತು ಬುಟ್ಟಿ ಇಟ್ಟು ಗಿಡದ ಬುಡದಲ್ಲೇ ತಲೆ ಹಿಡ್ಕೊಂಡು ಕೂತುಬಿಟ್ರು. ಕಾಫಿ ಬಿಟ್ಟಾಗಿಂದ ಆ ತಲೆನೋವು ಹೋಗೇ ಇಲ್ಲವಂತೆ. ದೊರೆಸಾನಿ ಕಾಫಿ ಕೊಡಿಸ್ತೀನಿ ಅಂದ್ರೆ, ಅದನ್ನ ತಂದುಕೊಡೋಳು ಬೇರೆ ಇದಾಳೆ ಅಂದ್ರಂತೆ." ಬೂಟು ಮೂಲೆಗಿಟ್ಟು, "ನೀನು ಹೋಗಿ ಬಾ," ಎಂದರು.

ಮರುದಿನ ಬೆಳಿಗ್ಗೆ ಬಿಸಿಲು ಬಂದ ಮೇಲೆ ಕಾಫಿಪುಡಿ, ಬೆಲ್ಲ, ನನ್ನ ಗೀರಿನ ಲೋಟ ಚೀಲಕ್ಕೆ ಹಾಕಿಕೊಂಡು ಹೊರಟೆ. ಕೂಲಿಯವರ ಲೈನಿನ ಕೊನೆಯ ಮನೆ ಅವರದು. ಏರು ದಾರಿ, ಒಂದೇ ಶ್ವಾಸಕೋಶದವಳಿಗೆ ಅದು ದೊಡ್ಡ ಬೆಟ್ಟ, ಅಲ್ಲಲ್ಲಿ ಕೂತು ಹೋದೆ. ತಲೆನೋವೆಂದು ಅವರು ಅಂದು ಕೆಲಸಕ್ಕೆ ಹೋಗಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ.

"ಬಂದ್ಯಾ?" ಎಂದರು. "ನೀನು ದಾರಿ ಮರ್ತಿ ಅಂತ ಮಾಡಿದ್ದೆ ನಾನು."

"ಒಲೆ ಎಲ್ಲಿದೆ ರಾಹೇಲಮ್ಮ?" ಎಂದೆ.

"ಒಲೆ ಇರುವಲ್ಲೇ ಉಂಟು."

ಒಳಗೆ ಹೋಗಿ ನೀರಿಟ್ಟು, ಕುದಿ ಬಂದಾಗ ಬೆಲ್ಲ ಹಾಕಿ, ಪುಡಿ ಹಾಕಿ ಇಳಿಸಿದೆ. ಹಲಗೆಯ ಮೇಲಿನ ಲೋಟವೊಂದಕ್ಕೆ ಬಗ್ಗಿಸಿ ತಂದು ಎರಡೂ ಕೈಯಲ್ಲಿ ಕೊಟ್ಟೆ. ಅವರು ಮೂಗಿನ ಹತ್ತಿರ ತಂದವರು ಅಲ್ಲೇ ನಿಲ್ಲಿಸಿದರು.

"ಬೆಲ್ಲ ಹಾಕಿದ್ದೀಯಾ?"

"ಹೌದು. ಇಷ್ಟು ವರ್ಷ ಬಿಟ್ಟಿದ್ದೀರಿ, ಇವತ್ತಾದ್ರೂ ಸಿಹಿ ಇರ್ಲಿ ಅಂತ."

"ಬೆಲ್ಲ ನಿಂದಲ್ಲ ಮಾರಾಯ್ತಿ, ಎಸ್ತೇರಮ್ಮಂದು. ಅವಳು ತಂದುಕೊಡ್ಲಿಲ್ಲ. ನಿಂಗೆ ಕೊಡ್ಲಿಕ್ಕೆ ಹಕ್ಕಿಲ್ಲ, ನಂಗೆ ತಗೊಳ್ಲಿಕ್ಕೆ ಹಕ್ಕಿ‍ಲ್ಲ." ಲೋಟ ನನ್ನ ಕೈಗೆ ವಾಪಸು ಬಂತು. "ಚೆಲ್ಲಿ ಬೇರೆ ಮಾಡು."

ಮತ್ತೆ ಒಲೆ ಊದಿದೆ. ಊದಿ ಊದಿ ಉಸಿರು ಸಿಕ್ಕಿ ಗೋಡೆಗೆ ಒರಗಿದೆ. ಅವರು ಬಾಗಿಲಿಂದ ನೋಡುತ್ತಿದ್ದರು, ಎದ್ದು ಬಂದು ಊದುಕೊಳವೆ ಕಸಿದುಕೊಂಡು ತಾವೇ ಊದಿ ಬೆಂಕಿ ಎಬ್ಬಿಸಿ, ಹೋಗಿ ಮತ್ತೆ ಅಲ್ಲೇ ಕೂತರು. ಕಹಿ ಕಾಫಿ ಮಾಡಿ ತಂದುಕೊಟ್ಟೆ.

"ಗುಣ ಆಯ್ತಾ?" ಎಂದು ಕೇಳಿದರು. ಹಾಗೆ ಕೇಳುವುದು ಪದ್ಧತಿ.

ನಾನು ದಾರಿಯುದ್ದಕ್ಕೂ "ಆಯ್ತು" ಎನ್ನಬೇಕೆಂದುಕೊಂಡೇ ಬಂದಿದ್ದೆ. ಆದರೆ ಆಕೆಯ ಕಣ್ಣು ನೋಡಿ ನಿಜವನ್ನೇ ಹೇಳಿದೆ. "ಇಲ್ಲ ರಾಹೇಲಮ್ಮ. ಮಲಗಿದೆಯಂತೆ. ಏಳಬಹುದು, ಏಳದೇ ಇರಬಹುದು. ಗಾಳಿಗೆ ಹೋಗ್ತಾನೇ ಇರ್ಬೇಕು. ನೀವು ಕುಡಿದುಬಿಡಿ, ನನ್ನಿಂದ ನಿಮಗೆ ಈ ತಲೆನೋವು ಬೇಡ."

ಅವರು ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದರು.

"ಸಾಯ್ಲಿಲ್ಲ ಅಲ್ವಾ?"

"ಇಲ್ಲ."

"ಗುಣವೂ ಆಗ್ಲಿಲ್ಲ."

"ಇಲ್ಲ."

"ಹಾಗಾದ್ರೆ ಅರ್ಧ ಕುಡಿತೇನೆ," ಎಂದರು.

ಗುಟುಕು ಗುಟುಕಾಗಿ, ನಡುನಡುವೆ ಬೆರಳಿಟ್ಟು ಮಟ್ಟ ನೋಡಿಕೊಳ್ಳುತ್ತಾ ಸರಿಯಾಗಿ ಅರ್ಧಕ್ಕೆ ನಿಲ್ಲಿಸಿದರು. ಹಣೆಯ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟರು.

"ಹೆಸರು?" ಎಂದೆ. "ನನ್ನ ಹೆಸರು ಇಳಿಸ್ತೀರಾ?"

"ಎಂತಕ್ಕೆ ಇಳಿಸೂದು? ನಾನು ಹೊತ್ತದ್ರಲ್ಲಿ ಬದುಕಿದವಳು ನೀನೊಬ್ಬಳೇ." ಅವರ ದನಿ ಸಿಡುಕಾಗಿಯೇ ಇತ್ತು. "ಬುಧವಾರ ಮಾರ್ತಮ್ಮ ಸುದ್ದಿ ಹೇಳ್ಲಿಕ್ಕೆ ಬಾಯಿ ತೆಗೆದ್ರೆ ನಾನು ಕಿವಿ ಮುಚ್ಚಿಕೊಳ್ತಿದ್ದೆ, ಇದೂ ಹೋಯ್ತಾ ಅಂತ. ನಿನ್ನನ್ನ ನೋಡ್ಲಿಕ್ಕೆ ಬರ್ಲಿಲ್ಲ ಅದಕ್ಕೇ. ನನ್ನ ಕಾಲ್ಗುಣ ತಾಗೂದು ಬೇಡ ಅಂತ." ಲೋಟ ನನ್ನ ಕಡೆ ನೀಡಿದರು. "ಉಳಿದದ್ದು ನೀನು ಕುಡಿ."

ನಾನು ಚೀಲದಿಂದ ನನ್ನ ಲೋಟ ತೆಗೆಯಲು ಹೋದೆ.

"ಅದೆಂತದಕ್ಕೆ? ಇದ್ರಲ್ಲೇ ಕುಡಿ. ಆರ್ತದೆ."

ಕುಡಿದೆ. ಆರಿಯೇ ಹೋಗಿತ್ತು, ಕಹಿಯಾಗಿತ್ತು. ಮನೆಯ ಅಭ್ಯಾಸದಲ್ಲಿ ಲೋಟವನ್ನು ತೊಳೆದು ಹೊರಗಿನ ಕಟ್ಟೆಯ ಮೇಲೆ ಕವುಚಲು ಬಗ್ಗಿದೆ.

"ಅಲ್ಲಿ ಎಂತಕ್ಕೆ ಇಡ್ತೀ? ಕಾಗೆ ಮುಟ್ತದೆ. ಒಳಗೆ ಉಳಿದದ್ರ ಜೊತೆ ಇಡು."

ಒಳಗೆ ಹೋಗಿ ಹಲಗೆಯ ಮೇಲೆ ಅವರ ಉಳಿದ ಲೋಟಗಳ ಸಾಲಿನಲ್ಲಿ ಕವುಚಿಟ್ಟೆ. ಹೊರಡುವಾಗ ಒಮ್ಮೆ ತಿರುಗಿ ನೋಡಿದೆ. ನಾನು ಕುಡಿದದ್ದು ಅವುಗಳಲ್ಲಿ ಯಾವುದೆಂದು ನನಗೇ ಗೊತ್ತಾಗಲಿಲ್ಲ.